ನಲವತ್ತೊಂದನೆಯ ಪುಟದ ನಿಯಮ

ನಮ್ಮ ಗರಾಜಿನ ಮೂಲೆಯಲ್ಲಿ ಒಂಬತ್ತು ವರ್ಷದಿಂದ ಕೂತಿದ್ದ ರಟ್ಟಿನ ಪೆಟ್ಟಿಗೆ ನಮ್ಮದಲ್ಲ, ನನ್ನ ಗೆಳತಿಯದು. ಮನೆ ಬದಲಾಯಿಸುವಾಗ “ಒಂದ್ ವಾರ ಇಟ್ಗೊಂಡಿರು” ಎಂದು ಇಟ್ಟು ಹೋದಳು. ಆ ವಾರ ಮುಗಿಯುವ ಮೊದಲೇ ನಮ್ಮಿಬ್ಬರ ಮಾತು ನಿಂತುಹೋಯಿತು. ಅವಳು ಪೆಟ್ಟಿಗೆ ಕೇಳಲಿಲ್ಲ, ನಾನು ಕೊಡಲಿಲ್ಲ. ಈ ಪರದೇಶದಲ್ಲಿ ಸಮಾಮಿಶ್ ಎಂಬ ಊರಿನ ನನ್ನ ಮನೆಯಿಂದ ಪಕ್ಕದ ಲಿನ್‌ವುಡ್‌ನ ಅವಳ ಮನೆಗೆ ಟ್ರಾಫಿಕ್ ಇಲ್ಲದಿದ್ದರೆ ನಲವತ್ತು ನಿಮಿಷದ ದಾರಿ. ನನ್ನ ಕೋಪ ಬಂದಷ್ಟೇ ಬೇಗ ಹೋಗುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುವವಳು ನಾನು. ಇದೊಂದು ಮಾತ್ರ ಹೋಗಿರಲಿಲ್ಲ.

ಪೆಟ್ಟಿಗೆಯನ್ನು ತೆರೆದವಳು ನನ್ನ ಹನ್ನೊಂದು ವರ್ಷದ ಮಗಳು. ಟೆಂಟ್ ಹುಡುಕಲು ಗರಾಜಿಗೆ ಹೋದವಳು ಸ್ಪೈರಲ್ ಬೈಂಡಿಂಗ್ ಮಾಡಿದ ಒಂದು ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಹಳದಿಯಾದ ಜೆರಾಕ್ಸ್ ಹಾಳೆಗಳು. ಮುಖಪುಟದಲ್ಲಿ ಮುಷ್ಟಿ ಎತ್ತಿ ಹಾರುತ್ತಿರುವ ಒಬ್ಬ ಸೂಪರ್‌ಹೀರೋ. ಜೆರಾಕ್ಸ್ ಯಂತ್ರದ ಕೃಪೆಯಿಂದ ಅವನ ಮುಖವೆಲ್ಲ ಕಪ್ಪಾಗಿತ್ತು.

“ಅಮ್ಮಾ, ವಾಟ್ ಈಸ್ ದಿಸ್?”

“ಅದೊಂದು ಆಟ. ನಾನೂ ಆಂಟೀನೂ ಹಾಸ್ಟೆಲ್‌ನಲ್ಲಿ ಆಡ್ತಿದ್ವಿ.”

“ವಿಚ್ ಆಂಟಿ?”

ನಾನು ಒಲೆ ಆರಿಸಿದೆ. ನಾವು ಮಾತು ಬಿಟ್ಟಾಗ ಇವಳಿಗೆ ಎರಡು ವರ್ಷ. ಹುಟ್ಟಿದ ಮೊದಲ ತಿಂಗಳು ದಿನಾ ಸಂಜೆ ಬಂದು ತನ್ನನ್ನು ಎತ್ತಿಕೊಂಡು ಓಡಾಡುತ್ತಿದ್ದವಳು ಯಾರೆಂದು ಇವಳಿಗೆ ಗೊತ್ತೇ ಇಲ್ಲ. ಅದು ನನಗೆ ಆ ಕ್ಷಣದಲ್ಲಿ ಚುಚ್ಚಿತು, ಸುಳ್ಳು ಯಾಕೆ ಹೇಳಲಿ.

ಆಟದ ಕಥೆ ಹೇಳಬೇಕೆಂದರೆ ದಾವಣಗೆರೆಗೆ ಹೋಗಬೇಕು. ನಾನು ಮೈಸೂರಿನವಳು, ಅವಳು ಧಾರವಾಡದವಳು. ಇಂಜಿನಿಯರಿಂಗ್ ಕಾಲೇಜಿನ ಲೇಡೀಸ್ ಹಾಸ್ಟೆಲ್‌ನ ಒಂದೇ ಕೋಣೆಯಲ್ಲಿ ನಾಲ್ವರಿದ್ದೆವು. ಸಂಜೆ ಆರೂವರೆಗೆ ಗೇಟು ಹಾಕುತ್ತಿದ್ದರು, ಊಟದ ಗಂಟೆ ಎಂಟಕ್ಕೆ. ನಡುವಿನ ಒಂದೂವರೆ ಗಂಟೆಯಲ್ಲಿ ಓದಬೇಕು ಎಂಬುದು ವಾರ್ಡನ್ನರ ಆಸೆ. ಅವಳ ಸೋದರಮಾವ ಇಂಗ್ಲೆಂಡಿನಲ್ಲಿ ಓದುವಾಗ ಈ ಆಟದ ಪೆಟ್ಟಿಗೆಯನ್ನು ಕೊಂಡಿದ್ದರಂತೆ. ಅದರ ಪುಸ್ತಕವನ್ನು ಅವಳು ಜೆರಾಕ್ಸ್ ಮಾಡಿಸಿ ತಂದಿದ್ದಳು.

ಇದಕ್ಕೆ ಹಾಸು ಇಲ್ಲ, ಕಾಯಿ ಇಲ್ಲ. ಒಬ್ಬರು ಪುಸ್ತಕ ಹಿಡಿದು ಏನಾಗುತ್ತಿದೆ ಎಂದು ಹೇಳುತ್ತಾರೆ: ಊರಿಗೆ ಬೆಂಕಿ ಬಿದ್ದಿದೆ, ಬ್ಯಾಂಕಿಗೆ ಕಳ್ಳರು ನುಗ್ಗಿದ್ದಾರೆ. ಉಳಿದವರು ಒಬ್ಬೊಬ್ಬ ಸೂಪರ್‌ಹೀರೋ ಆಗಿ, ತಾವೇನು ಮಾಡುತ್ತೇವೆ ಎಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಮಗೆ ಲೂಡೋ ಡಬ್ಬದ ದಾಳಗಳೇ ಗತಿ. ಈ ಆಟದ ಸೊಗಸು ಇರುವುದು ಶುರುವಿನಲ್ಲಿ. ನಿನ್ನ ಶಕ್ತಿಗಳನ್ನು ನೀನು ಆರಿಸಿಕೊಳ್ಳುವಂತಿಲ್ಲ, ದಾಳ ಕೊಡುತ್ತದೆ. ಆಮೇಲೆ ಆ ಶಕ್ತಿಗಳೆಲ್ಲ ಒಬ್ಬಳಿಗೇ ಹೇಗೆ ಬಂದವು ಎಂದು ನೀನು ಕಥೆ ಕಟ್ಟಬೇಕು. ಕಥೆಗೆ ಹೊಂದದ ಶಕ್ತಿಯನ್ನು ಬಿಟ್ಟುಬಿಡಬೇಕು.

ನನಗೆ ದಾಳ ಕೊಟ್ಟಿದ್ದು ಮೂರು: ನೀರಿನ ಮೇಲೆ ನಡೆಯುವುದು, ಹಕ್ಕಿಗಳ ಮಾತು ತಿಳಿಯುವುದು, ಕಬ್ಬಿಣ ಬಗ್ಗಿಸುವುದು. ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಬೆಳೆದ ಹುಡುಗಿ ಎಂದು ಮೊದಲೆರಡನ್ನು ಹೊಂದಿಸಿದೆ. ಮೂರನೆಯದಕ್ಕೆ, ಅವಳು ದಿನಾ ರಾಗಿ ಮುದ್ದೆ ತಿನ್ನುತ್ತಿದ್ದಳು ಎಂದೆ.

“ಮುದ್ದಿ ತಿಂದವರೆಲ್ಲಾ ಕಬ್ಬಿಣ ಬಗ್ಗಿಸೋದಾಗಿದ್ರ ನಿಮ್ಮೂರಾಗ ಒಂದು ಗೇಟೂ ಉಳೀತಿದ್ದಿಲ್ಲ,” ಎಂದು ಅವಳು ಪುಸ್ತಕದಿಂದ ತಲೆ ಎತ್ತದೆ ಹೇಳಿದಳು. ಕಬ್ಬಿಣ ಹೋಯಿತು.

ಅದೇ ಮೊದಲ ಸಂಜೆ ನನ್ನ ಹುಡುಗಿ ಕಾರ್ಖಾನೆಯೊಂದರ ಚಾವಣಿಯಿಂದ ಬಿದ್ದಳು. ದಾಳ ಹಾಗೇ ಹೇಳಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒಂದು ಗಂಟೆ ಕೂತು ಕಥೆ ಕಟ್ಟಿದ್ದೆ. ದಾಳ ಎಸೆದು ಎದ್ದು ನಿಂತೆ. ಆಗ ಅವಳು ಗಂಭೀರವಾಗಿ ಹೇಳಿದಳು: “ಕುಂದ್ರು. ಪುಸ್ತಕದಾಗ ಇದಕ್ಕೊಂದು ನಿಯಮ ಐತಿ. ನಲವತ್ತೊಂದನೇ ಪುಟ. ಜೆರಾಕ್ಸಿನಾವ ಆ ಹಾಳಿ ಬಿಟ್ಟಾನ, ಆದ್ರ ನಾ ಮಾಮಾನ ಪುಸ್ತಕದಾಗ ಓದೀನಿ.”

ನಿಯಮ ಹೀಗಿತ್ತು. ಹೀರೋ ಬಿದ್ದಾಗ, ಮೇಜಿನ ಸುತ್ತ ಕೂತ ಬೇರೊಬ್ಬರು, ಆ ಹೀರೋನನ್ನು ಆಡಿಸುತ್ತಿರುವವಳು ತಮಗೆ ಮಾಡಿದ ಒಂದು ಉಪಕಾರವನ್ನು ಬಾಯಿಬಿಟ್ಟು ಹೇಳಬೇಕು. ಅದು ನಿಜವಾಗಿ ನಡೆದದ್ದಾಗಿರಬೇಕು, ಅಲ್ಲಿಯವರೆಗೆ ಯಾರಿಗೂ ಗೊತ್ತಿರಬಾರದು. ಬರೀ ಹೊಗಳಿಕೆ ನಡೆಯುವುದಿಲ್ಲ. ಹೇಳಿದರೆ ಹೀರೋ ಏಳುತ್ತಾಳೆ. ಕೋಣೆಯ ಇನ್ನೊಬ್ಬ ಹುಡುಗಿ ಸ್ವಲ್ಪ ಯೋಚಿಸಿ, ತನಗೆ ಜ್ವರ ಬಂದ ದಿನ ನಾನು ಬಿಸಿನೀರಿನ ಸಾಲಿನಲ್ಲಿ ಅವಳ ಬಕೆಟ್ಟನ್ನೂ ಹಿಡಿದು ನಿಂತಿದ್ದೆ ಎಂದಳು. ಪುಸ್ತಕ ಹಿಡಿದವಳು ಮೇಜನ್ನು ಎರಡು ಸಲ ತಟ್ಟಿ “ಎದ್ದಳು” ಎಂದಳು. ನಾನು ಕೂತೆ. ಮುಂದಿನ ಮೂರೂವರೆ ವರ್ಷ ಆ ಮೇಜಿನಿಂದ ಏಳಲಿಲ್ಲ.

ಈಗ ಜಗಳದ ವಿಷಯ. ಇಬ್ಬರೂ ಈ ಊರಿಗೆ ಬಂದು, ಇಬ್ಬರಿಗೂ ಕೆಲಸ ಸಿಕ್ಕಿ, ಎಷ್ಟೋ ವರ್ಷ ಆದ ಮೇಲೆ ಒಂದು ದಿನ ಅವಳ ಕೆಲಸ ಹೋಯಿತು. ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗದಿದ್ದರೆ ವೀಸಾ ಇಲ್ಲ, ದೇಶ ಬಿಡಬೇಕು. ಅವಳು ಅದನ್ನು ನನಗೊಬ್ಬಳಿಗೇ ಹೇಳಿದಳು. ಅಮ್ಮನಿಗೆ ಸಮಯ ನೋಡಿ ತಾನೇ ತಿಳಿಸುತ್ತೇನೆ ಎಂದಳು. ನಾನು ಹೂಂ ಎಂದೆ. ಮನೆಗೆ ಬಂದು, ಒಂದು ಗಂಟೆಯೂ ಆಗಿರಲಿಲ್ಲ, ಅವಳ ರೆಸ್ಯೂಮೆಯನ್ನು ನಮ್ಮ ಕನ್ನಡ ಪಾಟ್‌ಲಕ್ ಗ್ರೂಪಿಗೆ, ಅಂದರೆ ಮನೆಮನೆಯಿಂದ ಅಡುಗೆ ತಂದು ಕೂಡಿ ಉಣ್ಣುವವರ ಫೋನ್ ಗ್ರೂಪಿಗೆ, ಹಾಕಿದೆ. ‘ಅರ್ಜೆಂಟ್, ಲೇ ಆಫ್ ಆಗಿದೆ, ದಯವಿಟ್ಟು ರೆಫರ್ ಮಾಡಿ’ ಎಂದು ಬರೆದು ಕೈಮುಗಿಯುವ ಚಿತ್ರ ಬೇರೆ. ಎಂಬತ್ತು ಮನೆಗಳ ಗ್ರೂಪು. ಅದರಲ್ಲಿದ್ದ ಯಾರೋ ಒಬ್ಬರ ಚಿಕ್ಕಮ್ಮ ಧಾರವಾಡದಲ್ಲಿ ಅವಳ ಅಮ್ಮನ ಮನೆ ಹಿಂದಿನ ಬೀದಿಯವರು. ಮರುದಿನ ಬೆಳಗಾಗುವಷ್ಟರಲ್ಲಿ ಅಮ್ಮ ಅಳುತ್ತ ಮಗಳಿಗೆ ಫೋನ್ ಮಾಡಿದ್ದರು.

ಅವಳು ನನಗೆ ಫೋನ್ ಮಾಡಿ ಒಂದೇ ಮಾತು ಹೇಳಿದಳು. “ನಿನಗಷ್ಟ ಹೇಳಿದ್ದೆ.”

ನಾನಾದರೂ ಸುಮ್ಮನಿರಬಾರದೇ? “ಹೆಲ್ಪ್ ಮಾಡಿದ್ದು ತಪ್ಪಾ?” ಎಂದು ಏರುದನಿಯಲ್ಲಿ ಕೇಳಿದೆ. ಅವಳು ಫೋನ್ ಇಟ್ಟಳು. ಐದು ವಾರಕ್ಕೆ ಅವಳಿಗೆ ಕೆಲಸ ಸಿಕ್ಕಿತು ಎಂದು ಬೇರೆಯವರಿಂದ ಗೊತ್ತಾಯಿತು. ನನ್ನ ಗ್ರೂಪಿನಿಂದಲೇ ಸಿಕ್ಕಿರಬೇಕು, ಒಂದು ಥ್ಯಾಂಕ್ಸ್ ಕೂಡ ಇಲ್ಲ ಎಂದು ಹಲ್ಲು ಕಡಿದೆ. ಒಂಬತ್ತು ವರ್ಷ ಆ ಹಲ್ಲು ಕಡಿತದಲ್ಲೇ ಕಳೆದೆ.

ಪುಸ್ತಕ ಸಿಕ್ಕ ವಾರ ಅದು ನನ್ನ ಕೈಚೀಲದಲ್ಲಿ ಉಳಿದಿತ್ತು. ಶನಿವಾರ ಮಗಳನ್ನು ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋದೆ. ಬಾಡಿಗೆಗೆ ಪಡೆದ ಒಂದು ಶಾಲೆಯಲ್ಲಿ ಹತ್ತರಿಂದ ಹನ್ನೆರಡರವರೆಗೆ ಮಕ್ಕಳು ಕಾಗುಣಿತ ಕಲಿಯುತ್ತಾರೆ; ಅಪ್ಪ ಅಮ್ಮಂದಿರು ಕೆಫೆಟೀರಿಯಾದಲ್ಲಿ, ಮಕ್ಕಳ ಅಳತೆಗೆ ಮಾಡಿದ ಗಿಡ್ಡ ಸ್ಟೂಲುಗಳ ಮೇಲೆ ಮೊಣಕಾಲು ಎದೆಗೆ ತಾಗಿಸಿ ಕೂತು ಫೋನ್ ನೋಡುತ್ತಾರೆ. ಎಲ್ಲರೂ ಅದೇ ಪಾಟ್‌ಲಕ್ ಗ್ರೂಪಿನವರು. ಬೇಸರಕ್ಕೆ ಪುಸ್ತಕ ತೆಗೆದೆ. ಎದುರಿಗೆ ಕೂತಿದ್ದ ಬೆಂಗಳೂರಿನವರೊಬ್ಬರು ಏನಿದು ಎಂದರು. ಹೇಳಿದೆ. ಫೋನಿನಲ್ಲಿ ದಾಳ ಉರುಳಿಸಿ ಅವರಿಗೆ ಎರಡು ಶಕ್ತಿ ಕೊಟ್ಟೆ: ಮುಟ್ಟಿದ್ದನ್ನು ಹೆಪ್ಪುಗಟ್ಟಿಸುವುದು, ಗೋಡೆಯಾಚೆಯ ಮಾತು ಕೇಳಿಸುವುದು.

“ಸಿಂಪಲ್ಲು,” ಎಂದರು ಅವರು. “ಹೋಲ್‌ಸೇಲ್ ಅಂಗಡಿ ಫ್ರೀಜರ್ ರೂಮಲ್ಲಿ ಒಂದಿನ ಲಾಕ್ ಆಗೋದೆ. ಕೋಲ್ಡ್ ಒಳಗೆ ಹೋಯ್ತು. ಹೊರಗಡೆ ಯಾರಾದ್ರೂ ಬರ್ತಾರಾ ಅಂತ ಕಿವಿ ಕೊಟ್ಟೂ ಕೊಟ್ಟೂ ಕಿವಿ ಶಾರ್ಪ್ ಆಯ್ತು.”

ಮುಂದಿನ ಶನಿವಾರ ಐದು ಜನ ಕಾಯುತ್ತಿದ್ದರು. ಅದರ ಮುಂದಿನ ತಿಂಗಳು ಮೂರು ಮೇಜು. ಹನ್ನೆರಡಕ್ಕೆ ಕ್ಲಾಸ್ ಬಿಟ್ಟ ಮಕ್ಕಳು ತಮ್ಮ ಅಪ್ಪಂದಿರು ಮೇಜು ಗುದ್ದಿ ವಾದ ಮಾಡುವುದನ್ನು ನೋಡುತ್ತ ಬ್ಯಾಗು ಹೊತ್ತು ನಿಂತಿರುತ್ತಿದ್ದರು. ನಲವತ್ತೊಂದನೆಯ ಪುಟದ ನಿಯಮಕ್ಕೆ ಎಲ್ಲರೂ ಮರುಳಾದರು. ವರ್ಷಗಟ್ಟಲೆ ಪಾಟ್‌ಲಕ್‌ನಲ್ಲಿ ಪುಳಿಯೋಗರೆ ಹಂಚಿಕೊಂಡವರು ಒಬ್ಬರಿಗೊಬ್ಬರು ಮಾಡಿದ ಸಣ್ಣಪುಟ್ಟ ಉಪಕಾರಗಳು ಒಂದೊಂದಾಗಿ ಹೊರಗೆ ಬಂದವು. ಒಬ್ಬಾಕೆ ಹೇಳುತ್ತ ಹೇಳುತ್ತ ಅತ್ತೇಬಿಟ್ಟರು.

ಎಲ್ಲರೂ ಪ್ರತಿ ಬೇಕು ಎಂದರು. ನನ್ನ ಜೆರಾಕ್ಸನ್ನು ಮತ್ತೆ ಜೆರಾಕ್ಸ್ ಮಾಡಿದರೆ ಆ ಹೀರೋನ ಮುಖದ ಜೊತೆ ಅಕ್ಷರವೂ ಕಪ್ಪಾಗುತ್ತಿತ್ತು. ಇಡೀ ಪುಸ್ತಕವನ್ನು ಹೊಸದಾಗಿ ಟೈಪ್ ಮಾಡಿದೆ, ಇಲ್ಲದ ಪುಟಕ್ಕೆ ನಿಯಮವನ್ನು ನೆನಪಿನಿಂದ ಬರೆದೆ. ಅಚ್ಚು ಹಾಕಿಸುವ ಮೊದಲು ಕೇಳಬೇಕಲ್ಲ? ಪುಸ್ತಕ ಮಾರುಕಟ್ಟೆಯಿಂದ ಹೋಗಿ ಯಾವ ಕಾಲವಾಗಿತ್ತೋ. ಹಳೆಯ ಆಟಗಳ ಪ್ರೇಮಿಗಳ ಒಂದು ವೆಬ್‌ಸೈಟಿನ ಮೂಲಕ ಅದನ್ನು ಬರೆದವರು ಸಿಕ್ಕರು. ಉತ್ತರ ಇಂಗ್ಲೆಂಡಿನ ಒಂದು ಊರಿನಲ್ಲಿ ನಿವೃತ್ತರಾಗಿದ್ದ ಹಿರಿಯರು. ದಾವಣಗೆರೆ ಎಲ್ಲಿದೆ ಎಂದು ಮ್ಯಾಪಿನಲ್ಲಿ ಹುಡುಕಿ ನೋಡಿದೆ ಎಂದು ಬರೆದಿದ್ದರು. ಹಕ್ಕು ಈಗ ತಮ್ಮದೇ, ಧಾರಾಳವಾಗಿ ಮಾಡಿ ಎಂದರು. ಟೈಪ್ ಮಾಡಿದ್ದನ್ನು ಕಳಿಸಿದೆ.

ಹತ್ತು ದಿನಕ್ಕೆ ಉತ್ತರ ಬಂತು. ಅಲ್ಲಲ್ಲಿ ನನ್ನ ಇಂಗ್ಲಿಷ್ ಸ್ಪೆಲಿಂಗ್ ತಿದ್ದಿದ್ದರು. ಕೊನೆಯಲ್ಲಿ ಬರೆದಿದ್ದರು: ನಲವತ್ತೊಂದನೆಯ ಪುಟದ ನಿಯಮ ನನ್ನದಲ್ಲ. ನನ್ನ ಪುಸ್ತಕದಲ್ಲಿ ಹೀರೋ ಸತ್ತರೆ ಸತ್ತ, ಹೊಸಬನನ್ನು ಮಾಡಿಕೊಳ್ಳಬೇಕು, ಅಷ್ಟೇ. ನಿಮ್ಮದೇ ಚೆನ್ನಾಗಿದೆ. ಆದರೆ ಇದು ಯಾರದು? ಅಚ್ಚು ಹಾಕುವ ಮೊದಲು ಅವರನ್ನು ಕೇಳಿ.

ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ಇಪ್ಪತ್ತೇಳು ವರ್ಷದಿಂದ ಪುಸ್ತಕದಲ್ಲಿದೆ ಎಂದು ನಂಬಿದ್ದು ಪುಸ್ತಕದಲ್ಲಿರಲಿಲ್ಲ. ಅದು ಅವಳೇ ಕಟ್ಟಿದ್ದು. ಒಮ್ಮೆ ಅವಳ ವಿಷಯವನ್ನು ಕೇಳದೆ ಹಂಚಿ ಈ ಗತಿಯಾಗಿತ್ತು. ಎರಡನೆಯ ಸಲ ಅದನ್ನೇ ಮಾಡುವ ಧೈರ್ಯ ನನಗಿರಲಿಲ್ಲ. ಕೇಳದೆ ಬೇರೆ ದಾರಿಯಿಲ್ಲ. ಅವಳು ಇಲ್ಲ ಎಂದರೆ ನಿಯಮವೂ ಹೋಯಿತು, ಅವಳೂ ಹೋದಳು.

ಅರ್ಧ ದಿನ ಬರೆದು ಅಳಿಸಿ, ಕೊನೆಗೆ ಇಷ್ಟು ಮೆಸೇಜ್ ಕಳಿಸಿದೆ: ‘ಆಟದ ಒಂದು ನಿಯಮದ ಬಗ್ಗೆ ಕೇಳಬೇಕು. ನಿನ್ನ ಪೆಟ್ಟಿಗೆಯೂ ಇದೆ. ಯಾವಾಗ ಬರಲಿ?’ ಉತ್ತರ ಬಂತು: ‘ರವಿವಾರ ನಾಲ್ಕಕ್ಕ ಬಾ. ಊಟ ಇಲ್ಲ. ಚಾ ಅಷ್ಟ.’

ಲಿನ್‌ವುಡ್‌ನಲ್ಲಿ ಅವಳ ಅಪಾರ್ಟ್‌ಮೆಂಟಿನ ಕಿಟಕಿಯಿಂದ ಹೊಸ ರೈಲು ಸ್ಟೇಷನ್ ಕಾಣುತ್ತದೆ. ಕೂದಲು ಅರ್ಧ ಬೆಳ್ಳಗಾಗಿತ್ತು, ಬಣ್ಣ ಹಚ್ಚಿರಲಿಲ್ಲ. ಪೆಟ್ಟಿಗೆಯನ್ನು ಬಾಗಿಲ ಪಕ್ಕ ಇಡಿಸಿ ಚಹಾ ತಂದಳು. ಆಟ ಬರೆದವರ ಪತ್ರಗಳು, ನಾನು ಟೈಪ್ ಮಾಡಿದ ಪುಸ್ತಕ, ಎಲ್ಲವನ್ನೂ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ನಲವತ್ತೊಂದನೆಯ ಪುಟ ಓದಿದಳು.

“ಜೆರಾಕ್ಸಿನಾವಂದೇನೂ ತಪ್ಪಿದ್ದಿಲ್ಲ,” ಎಂದಳು. “ಹಾಳಿ ಆ ರಾತ್ರಿ ನಾನ ಕಿತ್ತಿದ್ದೆ. ನೀನು ಹುಡುಕಿ ಓದಿಬಿಡ್ತೀ ಅಂತ. ಟ್ರಂಕಿನ ತಳಕ್ಕ ಹಾಸಿದ್ದೆ.”

“ಯಾಕೆ?”

“ದಾಳ ಒಗದು ಎದ್ದು ನಿಂತಿದ್ದಿ. ನೀ ಹೋಗಿದ್ರ ಆ ಇಬ್ಬರೂ ಏಳ್ತಿದ್ರು. ಹೊಸ ಊರು, ನನ್ನ ಮಾತು ಕೇಳಿ ನಗೋ ಮಂದಿ. ಆ ಕೋಣಿಯೊಳಗ ನಾ ಒಬ್ಬಾಕಿನ ಕೂಡಬೇಕಿತ್ತು. ಬಾಯಿಗೆ ಬಂದದ್ದು ಹೇಳಿದೆ.”

ನನಗೆ ನಗು ಬಂತು, ಅವಳಿಗೂ ಬಂತು. ಆ ನಗುವಿನ ಧೈರ್ಯದಲ್ಲಿ ನಾನು ತಪ್ಪು ಹೆಜ್ಜೆ ಇಟ್ಟೆ. ಆವತ್ತು ಗ್ರೂಪಿಗೆ ಹಾಕಿದ್ದು ಸರಿಯಲ್ಲ, ಆದರೂ ಅದರಿಂದ ಕೆಲಸ ಸಿಕ್ಕಿತಲ್ಲ ಎಂದುಬಿಟ್ಟೆ.

ಅವಳು ಕಪ್ಪು ಕೆಳಗಿಟ್ಟಳು. “ಆ ಕೆಲಸಕ್ಕ ನೀ ಗ್ರೂಪಿಗೆ ಹಾಕೋಕಿಂತ ಮೊದಲ ನಾ ಇಂಟರ್‌ವ್ಯೂ ಕೊಟ್ಟಿದ್ದೆ. ನಿನ್ನ ಗ್ರೂಪಿನಿಂದ ಬಂದದ್ದು ಅವ್ವನ ಫೋನ್ ಅಷ್ಟ.”

ಒಂಬತ್ತು ವರ್ಷ ನಾನು ನೆಚ್ಚಿಕೊಂಡಿದ್ದ ಸಮಜಾಯಿಷಿ ಅಲ್ಲಿಗೆ ಮುಗಿಯಿತು. ಚಹಾ ಆರಿತ್ತು, ಹಾಗೇ ಕುಡಿದೆ.

“ನಿಯಮ ತಗೋ,” ಎಂದಳು ಬಾಗಿಲ ಬಳಿ. “ಅದು ಮಂದಿಗೆ ಚಲೋ ಆಗ್ತೈತಿ ಅಂದ್ರ ನಾ ಯಾಕ ಬ್ಯಾಡ ಅನ್ಲಿ. ಆದ್ರ ನಿಯಮ ಬ್ಯಾರೆ, ನೀ ಬ್ಯಾರೆ.”

“ಶನಿವಾರ ಒಂದ್ಸಲ ಬಾರೇ. ನಿನ್ ಆಟಾನ ಜನ ಹೇಗೆ ಆಡ್ತಾರೆ ನೋಡು.”

“ನೋಡ್ತೀನಿ,” ಎಂದು ಬಾಗಿಲು ಹಾಕಿದಳು.

ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ಶನಿವಾರ ಹತ್ತೂಕಾಲಿಗೆ ಕೆಫೆಟೀರಿಯಾದ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಲೂಡೋ ದಾಳದ ಡಬ್ಬ. ಅದು ಪೆಟ್ಟಿಗೆಯಲ್ಲಿತ್ತಂತೆ. ಪುಸ್ತಕವನ್ನು ಅವಳ ಮುಂದೆ ಚಾಚಿದೆ. ಬೇಡವೆಂದು ತಲೆಯಾಡಿಸಿ ಗಿಡ್ಡ ಸ್ಟೂಲಿನ ಮೇಲೆ ಕೂತಳು. “ಇಷ್ಟು ವರ್ಷ ಪುಸ್ತಕ ಹಿಡಿದೀನಿ, ಒಂದ್ಸಲಾನೂ ಆಡಿಲ್ಲ. ಇವತ್ತು ಆಡ್ತೀನಿ.”

ದಾಳ ಅವಳಿಗೆ ಕೊಟ್ಟಿದ್ದು ಗಾಳಿಯ ಶಕ್ತಿ, ಜೊತೆಗೆ ಕಬ್ಬಿಣ ಬಗ್ಗಿಸುವುದು. ನನ್ನತ್ತ ನೋಡಿ, ತನ್ನ ಹುಡುಗಿ ರೊಟ್ಟಿ ತಿಂದು ಬೆಳೆದವಳು ಎಂದಳು. ನಾನು ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡೆ. ಆವತ್ತಿನ ಕಥೆಯಲ್ಲಿ ನಮ್ಮ ಹತ್ತಿರದ ಊರಾದ ಡುವಾಲ್‌ನ ಕಣಿವೆಗೆ ಪ್ರವಾಹ ಬಂದಿತ್ತು. ಹೊಲಗಳೆಲ್ಲ ನೀರಾಗಿ, ದಿಬ್ಬದ ಮೇಲೆ ನಲವತ್ತು ಆಕಳು ಸಿಕ್ಕಿಬಿದ್ದಿದ್ದವು. ಅವಳ ಹುಡುಗಿ ಸೇತುವೆಯ ಕಂಬಿಯನ್ನು ಬಗ್ಗಿಸಿ ದಾರಿ ಮಾಡಲು ಹೋದಳು. ಎರಡೂ ದಾಳದಲ್ಲಿ ಒಂದೇ ಒಂದು ಚುಕ್ಕೆ ಬಿತ್ತು. ಹುಡುಗಿ ನೀರಿಗೆ ಬಿದ್ದಳು.

ಮೇಜಿನ ಸುತ್ತ ಎಲ್ಲರೂ ಮುಖ ಮುಖ ನೋಡಿಕೊಂಡರು. ಇವಳ ಹೆಸರನ್ನು ಒಂದು ಹಳೆಯ ರೆಸ್ಯೂಮೆಯಲ್ಲಿ ನೋಡಿದ್ದು ಬಿಟ್ಟರೆ ಯಾರಿಗೂ ಇವಳು ಗೊತ್ತಿಲ್ಲ. ಹೇಳಬಲ್ಲವಳು ನಾನೊಬ್ಬಳೇ. ಮಗುವನ್ನು ಎತ್ತಿ ಆಡಿಸಿದ್ದು ಹೇಳಬಹುದಿತ್ತು. ಅದು ನಮ್ಮ ಮನೆಯವರಿಗೆಲ್ಲ ಗೊತ್ತು, ನಿಯಮಕ್ಕೆ ಸಲ್ಲುವುದಿಲ್ಲ. ಯಾರಿಗೂ ಗೊತ್ತಿಲ್ಲದ್ದು ಒಂದೇ ಒಂದಿತ್ತು. ಅದನ್ನು ಹೇಳಿದರೆ ಮಾನ ಹೋಗುವುದು ನನ್ನದು, ಅದೂ ಇದೇ ಗ್ರೂಪಿನ ಮುಂದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ದಾಳವನ್ನು ನೋಡುತ್ತಿದ್ದಳು.

“ಮೂರನೇ ಸೆಮಿಸ್ಟರ್‌ನಲ್ಲಿ ನಾನು ಎರಡು ಸಬ್ಜೆಕ್ಟ್ ಫೇಲ್ ಆಗಿದ್ದೆ,” ಎಂದೆ. “ನನ್ ಗಂಡಂಗೂ ಗೊತ್ತಿಲ್ಲ. ಆ ವಾರಾನೇ ನಮ್ಮಪ್ಪ ನಿಪ್ಪಟ್ಟು ತಗೊಂಡು ಕಾಲೇಜಿಗೆ ಬಂದ್ರು. ಮಾರ್ಕ್ಸ್ ಲಿಸ್ಟು ನೋಟಿಸ್ ಬೋರ್ಡಲ್ಲಿ ಇತ್ತು. ನಾನು ಬಾತ್‌ರೂಮಲ್ಲಿ ಬಚ್ಚಿಟ್ಕೊಂಡೆ. ಇವಳು ಅವರನ್ನ ಆ ಬೋರ್ಡ್ ಕಾಣದೇ ಇರೋ ಹಾಗೆ ಹಿಂದಿನ ದಾರೀಲಿ ಸುತ್ತಿಸಿಕೊಂಡು ಕರ್ಕೊಂಡು ಬಂದ್ಲು. ರಿಸಲ್ಟ್ ಬಂತೇನಮ್ಮಾ ಅಂತ ಕೇಳಿದ್ರು. ಇಲ್ರೀ ಕಾಕಾ ಅಂದ್ಲು. ಆಮೇಲೆ ಎರಡು ತಿಂಗಳು ದಿನಾ ಕೂರಿಸಿ ಪಾಠ ಹೇಳಿ ಪಾಸ್ ಮಾಡಿಸಿದ್ಲು.”

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಯಮಕ್ಕೆ ಅಷ್ಟು ಸಾಕು. ಆದರೆ ಹೇಳುತ್ತ ಹೇಳುತ್ತ ಅದು ನನಗೇ ಮೊದಲ ಸಲ ಸರಿಯಾಗಿ ಕೇಳಿಸಿತು.

“ಒಂಬತ್ತು ವರ್ಷ ನನ್ ಮೇಲೆ ಅಷ್ಟು ಸಿಟ್ಟಿದ್ರೂ ಇವಳು ಅದನ್ನ ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ. ಇವಳು ನನ್ನನ್ನ ನಂಬಿ ಹೇಳಿದ್ದನ್ನ ನಾನು ಒಂದು ಗಂಟೇನೂ ಇಟ್ಕೊಳ್ಳಲಿಲ್ಲ. ನಿಮಗೆಲ್ಲ ಕಳಿಸಿಬಿಟ್ಟೆ. ಅದು ಹೆಲ್ಪ್ ಅಲ್ಲ. ತಪ್ಪು.”

ಒಳಗಿನ ಕೋಣೆಯಿಂದ ಮಕ್ಕಳು ಒಟ್ಟಿಗೆ ಕಾಗುಣಿತ ಹೇಳುವುದು ಕೇಳುತ್ತಿತ್ತು. ಪುಸ್ತಕ ಹಿಡಿದವಳು ಮೇಜನ್ನು ಎರಡು ಸಲ ತಟ್ಟಬೇಕು. ಅದು ನಾನು. ನನ್ನ ಕೈ ಏಳಲಿಲ್ಲ. ಇದು ಸಾಕೋ ಸಾಲದೋ ಎಂದು ತೀರ್ಮಾನಿಸುವವಳು ನಾನಾಗಿರಲಿಲ್ಲ.

ಅವಳು ಕನ್ನಡಕ ತೆಗೆದು ತೊಟ್ಟಿದ್ದ ಕೋಟಿನ ತುದಿಯಿಂದ ಒರೆಸಿಕೊಂಡಳು, ಮತ್ತೆ ಹಾಕಿಕೊಂಡಳು. ಆಮೇಲೆ ಕೈ ಚಾಚಿ ನನ್ನ ಮುಂದಿದ್ದ ಮೇಜನ್ನು ಎರಡು ಸಲ ತಟ್ಟಿದಳು.

“ಎದ್ದೆ,” ಎಂದಳು. “ಮುಂದ ಹೇಳು. ಆಕಳು ಇನ್ನೂ ನೀರಾಗ ಅದಾವು.”